ಸ್ಥಿತಿಗತಿ

ಗಾಮಪ್ಪನ ಅಂಗಿಗೆ ಎರಡು ಜೇಬು.
ಲಾಂಚು ಹೊಳೆಬಾಗಿಲಲ್ಲಿದ್ದರೆ ಕಲ್ಲು ಎಡಜೇಬಿನಲ್ಲಿ,
ತುಮರಿ ಕಡೆ ಇದ್ದರೆ ಬಲದಲ್ಲಿ.
ಹುಣಸೆಬೀಜದಷ್ಟು ಕಲ್ಲು. ಕರಿದು.
ಮಂಜು ಕವಿದು ದಡ ಕಾಣದ ಬೆಳಿಗ್ಗೆ
ಜೇಬು ಮುಟ್ಟಿ ನೋಡಿ ಸರಪಳಿ ಬಿಚ್ಚುತ್ತಾನೆ.

ಇಷ್ಟೇ ನೆನಪು.
ಇವತ್ತಿಗೆ ಎಷ್ಟನೇ ಟ್ರಿಪ್ಪು ಎಂದು ಕೇಳಿ, ಗೊತ್ತಿಲ್ಲ.
ಸಮವೋ ಬೆಸವೋ ಕೇಳಿ,
ಕೈ ತಾನಾಗಿ ಜೇಬಿಗೆ ಹೋಗುತ್ತದೆ.

ನಾನು ಸಾಗರದ ಕಾಲೇಜಿನಲ್ಲಿ ಇದನ್ನೇ ಪಾಠ ಮಾಡುವವಳು,
ಐದನೇ ಸೆಮಿಸ್ಟರು, ಊಟದ ನಂತರದ ಪೀರಿಯಡ್ಡು.
ಬೋರ್ಡಿನ ಮೇಲೆ ಎರಡು ವೃತ್ತ,
ಅತ್ತ ಒಂದು ಬಾಣ, ಇತ್ತ ಒಂದು ಬಾಣ.
ಸ್ಥಿತಿ ಎಂದರೆ ವೃತ್ತ, ಗತಿ ಎಂದರೆ ಬಾಣ.
ನಮ್ಮ ಅಜ್ಜಿಯರು ಎರಡನ್ನೂ ಕೂಡಿಸಿಯೇ ವಿಚಾರಿಸುತ್ತಿದ್ದರು:
ಏನೇ, ಹೇಗಿದೆ ನಿಮ್ಮನೆ ಸ್ಥಿತಿಗತಿ?
ಒಪ್ಪುವ ಸ್ಥಿತಿಗೆ ಮಾತ್ರ ಜೋಡಿ ಗೆರೆ,
ಧಕ್ಕೆಗೆ ನೇತುಹಾಕಿದ ಲಾರಿ ಟೈರಿನ ಹಾಗೆ:
ಓದಿ ಮುಗಿದಾಗ ಅದಕ್ಕೆ ತಾಗಿ ನಿಂತಿದ್ದರೆ ಹೌದು.
ನಡುನೀರು ಲೆಕ್ಕಕ್ಕಿಲ್ಲ.

ಈ ಯಂತ್ರಕ್ಕೆ ಏನು ಬಾರದು ಎಂಬುದೇ ಪಾಠದ ತಿರುಳು.
ತೆರೆದ ಕಂಸಗಳಷ್ಟೇ ಮುಚ್ಚಿದ ಕಂಸಗಳೂ ಇವೆಯೇ,
ಹೇಳಲಾರದು.
ಹಿಂದಿನ ಬೆಂಚಿನ ಸುಭೀಕ್ಷ ಎದ್ದು ನಿಂತಳು:
"ಕಂಸ ಹುಟ್ಟಿದ ಮೇಲೆ ಮುಗಿಸೋಕೆ ಕೃಷ್ಣನೇ ಬೇಕು ಮೇಡಂ."
ನಕ್ಕೆವು. ನಗು ನಿಂತ ಮೇಲೆ ಸಾಧಿಸಿದೆ:
ಜೇಬು ಏಳಿರಲಿ, ಎಪ್ಪತ್ತಿರಲಿ,
ಹೋದವರು ಅದಕ್ಕಿಂತ ಹೆಚ್ಚಾದ ದಿನ
ಕಲ್ಲು ಯಾವುದೋ ಹಳೆಯ ಜೇಬಿಗೇ ಬೀಳುತ್ತದೆ.
ಮೂವರು ಹೋದಾಗಿನ ಜೇಬೂ
ಒಂಬತ್ತು ಮಂದಿ ಹೋದಾಗಿನ ಜೇಬೂ ಒಂದೇ ಆದರೆ
ಮೂವರು ಮರಳಿದ ಕೂಡಲೇ ಅಂಗಿ ಹೇಳುತ್ತದೆ,
ಎಲ್ಲರೂ ಬಂದರು.

ಗುರುವಾರ ಮಧ್ಯಾಹ್ನ ನನಗೆ ಪಾಠವಿಲ್ಲ.
ತುಮರಿಯ ಅಕ್ಕನ ಮನೆಗೆ ಹೋಗಿ ಕೊನೇ ಲಾಂಚಿಗೆ ಬರುತ್ತೇನೆ.
ಆ ಗುರುವಾರ ಎಲ್ಲರೂ ಇಳಿದು ಹೋದ ಮೇಲೂ
ರಹಮತ್ ಬೀ ಧಕ್ಕೆಯಲ್ಲೇ ನಿಂತಿದ್ದರು,
ಗ್ಯಾಸ್ ಒಲೆ ರಿಪೇರಿಯ ಮಕ್ಬೂಲ್ ಸಾಬರ ಹೆಂಡತಿ.
"ಬೆಳಿಗ್ಗೆ ಹೋದ್ರಲ್ಲ, ಕೆಂಪು ಟೂಲು ಡಬ್ಬಿ, ನೋಡಿದ್ರಲ್ಲ?"
ಗಾಮಪ್ಪ ನೋಡಿದ್ದ. ಹೋದದ್ದು ನೋಡಿದ್ದ.
ಬಂದದ್ದು?
ಅದು ಮೊನ್ನೆಯೋ?
ಕೈ ಜೇಬಿಗೆ ಹೋಯಿತು.
ಲಾಂಚು ಈ ದಡದಲ್ಲಿದೆ ಎಂದಿತು ಕಲ್ಲು,
ಸರಿಯಾಗಿಯೇ.

ನನ್ನ ಬ್ಯಾಗಿನಲ್ಲಿ ಪ್ರಮೇಯ ಸಾಧನೆಯ ಸಮೇತ ಇತ್ತು.
ತೆಗೆದು ತೋರಿಸುವ ಜಾಗ ಅದಾಗಿರಲಿಲ್ಲ.
ಟಾರ್ಚು ಹಿಡಿದುಕೊಂಡೆ.

ಶನಿವಾರ ಸಾಬರು ಪೇಟೆಯಲ್ಲೇ ಸಿಕ್ಕರು.
ಲಾಂಚು ತಪ್ಪಿತಂತೆ. ನಿಟ್ಟೂರಿನಲ್ಲಿ ಯಾರದೋ ಒಲೆ, ನಗರದಲ್ಲಿ ಇನ್ನೊಂದು,
ಹೊಸನಗರದ ಬಸ್ಸು ಹಿಡಿದು ಸುತ್ತಿ ಬಂದರಂತೆ, ಫೋನು ಸತ್ತಿತ್ತಂತೆ.
ಮುಚ್ಚುವ ಕಂಸ ಬೇರೆ ಸಾಲಿನಲ್ಲಿ ಬಿದ್ದಿತ್ತು,
ಯಾವ ಯಂತ್ರವೂ ಓದದ ಸಾಲು.
ರಹಮತ್ ಬೀ ವಾರವಿಡೀ ಅವರೊಡನೆ ಮಾತಾಡಲಿಲ್ಲ.

ಈಗ ನೀರಿನಲ್ಲಿ ಸೇತುವೆಯ ಕಂಬಗಳು.
ಗಾಮಪ್ಪನಿಗೆ ಹೇಳಿದೆ:
ಒಂದೇ ಹೊತ್ತಿಗೆ ಎರಡೂ ದಡದಲ್ಲಿ ನಿಲ್ಲಬಲ್ಲ ಯಂತ್ರವೂ
ನಮ್ಮ ಸಿಲಬಸ್ಸಿನಲ್ಲಿದೆ.
ಅದು ಗುರುತಿಸುವುದನ್ನೆಲ್ಲ ನಿಮ್ಮ ಅಂಗಿಯೂ ಗುರುತಿಸುತ್ತದೆ,
ಜೇಬು ನಾಲ್ಕಾದರೆ ಸಾಕು. ಸಾಬೀತಾದ ಮಾತು.
"ಹಂಗಾರೆ ಇಷ್ಟೆಲ್ಲ ಸಿಮೆಂಟು ಎಂತಕ್ಕೆ ಮೇಡಂ?"
ಸಿಲಬಸ್ಸಿನಲ್ಲಿ ಅದಕ್ಕೆ ಉತ್ತರವಿಲ್ಲ.

ಆ ಗುರುವಾರದ ಮೇಲೆ ಅವನ ಅಂಗಿಗೆ
ಒಳಜೇಬೊಂದು ಬಂದಿದೆ.
ಕೈಹೊಲಿಗೆ, ಬೇರೆ ಬಣ್ಣದ ದಾರ.
ಏನಿದೆ ಎಂದು ನಾನು ಕೇಳಿಲ್ಲ.
ನಡೆದಾಗ ಸದ್ದಾಗುತ್ತದೆ,
ಒಂದಕ್ಕಿಂತ ಹೆಚ್ಚು ಕಲ್ಲುಗಳ ಸದ್ದು.